ಮಾವಶಿ ಹರಿಯದ ಸೀರೆ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಆಡುವವರು ಆಡಲಿ. ಅನಗೋಳದ ನಮ್ಮ ಗಲ್ಲಿಯಲ್ಲಿ ಮಾವಶಿಯ ಮಾತು ಬಂದರೆ ಈಗಲೂ ಹೆಂಗಸರು ಸೆರಗಿನ ತುದಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಬಂಗಾರದಂಥ ಕೈ ಅನ್ನುತ್ತಾರೆ. ಕೈ ಬಂಗಾರದ್ದೇ, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆ ಕೈಯ ಮುಂದೆ ಕೂತು ಹೊಲಿಗೆ ಕಲಿತವಳು ನಾನು. ನನ್ನ ಸಿಟ್ಟು ಇರುವುದೂ ಆ ಕೈಯ ಮೇಲೆಯೇ.

ಅವಳು ನನಗೆ ಯಾವ ಸಂಬಂಧದಿಂದಲೂ ಚಿಕ್ಕಮ್ಮನಲ್ಲ. ಗಲ್ಲಿಯ ಮರಾಠಿ ಮನೆಗಳ ಮಕ್ಕಳು ಮಾವಶಿ ಎಂದು ಶುರು ಮಾಡಿದವು, ಕನ್ನಡದವರಾದ ನಾವೂ ಅದನ್ನೇ ಹಿಡಿದೆವು. ಬದುಕಿರುವತನಕ 'ಅವರು' ಎಂದೇ ಮಾತಾಡಿದೆ. ಈಗ ಬರೆಯಲು ಕೂತರೆ 'ಅವಳು' ಎಂದೇ ಬರುತ್ತಿದೆ. ಓದುವವರು ಕ್ಷಮಿಸಬೇಕು, ಕ್ಷಮಿಸದಿದ್ದರೂ ನಡೆದೀತು.

ಅವಳ ಕೆಲಸ ಹಳೆಯ ಅರಿವೆಯಿಂದ ಹೊಸ ಉಡುಪು ಹೊಲಿಯುವುದು. ದಡಿ ಸವೆದ ಇಳಕಲ್ ಸೀರೆ, ಬಣ್ಣ ಮಾಸಿದ ಕುಬಸದ ಖಣ, ಶಹಾಪುರದ ಮಗ್ಗದಿಂದ ಎಂದೋ ಇಳಿದ ಸೀರೆ, ಯಾರದೋ ಅಜ್ಜನ ರುಮಾಲು, ಎಲ್ಲವೂ ಅವಳ ಪಡಸಾಲೆಗೆ ಬಂದು ಬೀಳುತ್ತಿದ್ದವು. ಅಲ್ಲಿಂದ ಹೊರಡುವಾಗ ಒಂದು ಕೂಸಿನ ಕುಂಚಿಗೆಯಾಗಿ, ಇನ್ನೊಂದು ಹುಡುಗಿಯ ಪೋಲಕವಾಗಿ, ಮತ್ತೊಂದು ನನ್ನಂಥ ನೌಕರಿ ಹೆಂಗಸಿನ ತೋಳಿಲ್ಲದ ಜಾಕೀಟಾಗಿ ಹೊರಡುತ್ತಿದ್ದವು. ಎಲ್ಲ ಕೈಹೊಲಿಗೆ. ಮನೆಯಲ್ಲಿ ಸೊಸೆಯ ಹೊಲಿಗೆ ಯಂತ್ರವಿತ್ತು. ಮಾವಶಿ ಅದರ ಮೇಲೆ ಒಣಮೆಣಸಿನಕಾಯಿಯ ಮೊರ ಇಡುತ್ತಿದ್ದಳು.

"ಮಷೀನ ಯಾಕ ಬ್ಯಾಡ್ರಿ?" ಎಂದು ಒಮ್ಮೆ ಕೇಳಿದ್ದೆ.

"ಹಳೇ ಅರಿವಿ ಅಂದ್ರ ಮುದುಕರಿದ್ದಂಗ. ಮಷೀನ ಬೈಕೋತ ಹೊಕ್ಕೈತಿ. ಕೈ ಕೇಳಕೋತ ಹೊಕ್ಕೈತಿ," ಅಂದಳು.

ಇಂಥ ಮಾತುಗಳು ಅವಳ ಬಾಯಲ್ಲಿ ಬೇಕಾದಷ್ಟಿದ್ದವು. ನಾನು ಮಚ್ಛೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ವಾರವಿಡೀ ಬಿಲ್ಲು ಬರೆದು, ಆ ಯಂತ್ರಗಳ ಗದ್ದಲದಲ್ಲಿ ತಲೆ ಕೆಡಿಸಿಕೊಂಡು ಬರುವವಳು. ರವಿವಾರ ಮಧ್ಯಾಹ್ನ ಅವಳ ಪಡಸಾಲೆಯಲ್ಲಿ ಕೂತು ಸೂಜಿಗೆ ದಾರ ಪೋಣಿಸಿದರೆ ಜೀವಕ್ಕೆ ತಂಪು. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದಳು. ಸೂಜಿಗಳನ್ನು ಕುಬಸದ ಎಡಹೆಗಲಿಗೆ ಚುಚ್ಚಿಕೊಂಡಿರುತ್ತಿದ್ದಳು. ಅಪ್ಪಿಕೊಳ್ಳಲು ಬಂದ ಮೊಮ್ಮಕ್ಕಳನ್ನು "ಬಲಕ್ಕ ಬರ್ರಿ, ಬಲಕ್ಕ" ಎಂದು ಆ ಕಡೆ ಕರೆಯುತ್ತಿದ್ದಳು. ಯಾವುದಾದರೂ ಅರಿವೆ ಕೈಗೆ ಬಂದರೆ ಮೊದಲು ಬೆಳಕಿಗೆ ಹಿಡಿಯುತ್ತಿದ್ದಳು, ಆಮೇಲೆ ಅದನ್ನು ಮಡಿಸಿ ತುಟಿಗೆ ತಾಗಿಸುತ್ತಿದ್ದಳು. ಎಳೆ ಕೂಡಿಸಿ ಮುಚ್ಚಿದ ರಫೂ ಹುಡುಕಲು ಮಾತ್ರ ಬೆರಳ ತುದಿ ಬೇಕು, ಉಳಿದಂತೆ ಬೆರಳು ಸುಳ್ಳು ಹೇಳುತ್ತದೆ, ತುಟಿ ಹೇಳುವುದಿಲ್ಲ ಎಂಬುದು ಅವಳ ಸಿದ್ಧಾಂತ. ಆ ತುಟಿ ಏನೇನು ಹೇಳಬಲ್ಲದು ಎಂದು ನನಗೆ ಆಗ ಗೊತ್ತಿರಲಿಲ್ಲ.

ಕತ್ತರಿ ಹಿಡಿಯುವುದನ್ನು ಅವಳು ಬಹಳ ಕಡಿಮೆ ಮಾಡುತ್ತಿದ್ದಳು. ಅಂಚಿನಲ್ಲಿ ಹಲ್ಲಿನಿಂದ ಒಂದಿಷ್ಟು ಕಚ್ಚಿ, ಎರಡೂ ಕೈಯಲ್ಲಿ ಹಿಡಿದು, ಒಂದೇ ಎಳೆಯ ಗುಂಟ ಹರಿಯುತ್ತಿದ್ದಳು. ಹಾಗೆ ಹರಿದ ಅರಿವೆ ಸೊಟ್ಟ ಆಗುವುದಿಲ್ಲ. ಗಲ್ಲಿಯವರಿಂದ ಹೊಲಿಗೆಯ ಕೂಲಿ ಕೇಳುತ್ತಿರಲಿಲ್ಲ. "ಉಳದದ್ದು ನಂದು" ಅಷ್ಟೇ ಅವಳ ಕರಾರು. ಉಳಿದ ತುಣುಕುಗಳೆಲ್ಲ ಅವಳ ಟ್ರಂಕಿಗೆ ಹೋಗುತ್ತಿದ್ದವು. ಹಳೆ ಬಟ್ಟೆ ಒಯ್ದು ಸ್ಟೀಲಿನ ಪಾತ್ರೆ ಕೊಡುವ ಹೆಂಗಸು ಗಲ್ಲಿಗೆ ಬಂದರೆ ಎಲ್ಲರೂ ಪಾತ್ರೆ ನೋಡಿದರೆ ಮಾವಶಿ ಅವಳ ಗಂಟು ಬಿಚ್ಚಿಸುತ್ತಿದ್ದಳು, ಮನೆಯ ಒಳ್ಳೆ ಬೋಗುಣಿಯನ್ನೇ ತಂದು ಅವಳಿಗೆ ಕೊಟ್ಟು ಒಂದು ಹರಕು ಸೀರೆ ಎತ್ತಿಕೊಳ್ಳುತ್ತಿದ್ದಳು. ಸೊಸೆ ಹಣೆ ಬಡಿದುಕೊಳ್ಳುತ್ತಿದ್ದಳು. ನಾವು ನಕ್ಕು ನಕ್ಕು ಸುಸ್ತಾಗುತ್ತಿದ್ದೆವು. ಕಳ್ಳನನ್ನು ಕಂಡು ನಗುವವರು ಮನೆಗೆ ಕೀಲಿ ಹಾಕುವುದಿಲ್ಲ, ಅಷ್ಟೇ.

ಒಮ್ಮೆ ಅವಳ ಜೊತೆ ಬೀಡಿ ಎಂಬ ಊರಿಗೆ ಹೋಗಿದ್ದೆ. ಖಾನಾಪುರದಲ್ಲಿ ನನ್ನ ತಂಗಿಯ ಮನೆಯಿದೆ, ಅಲ್ಲಿ ಒಂದು ದಿನ ಇದ್ದು, ಮರುದಿನ ಬಸ್ಸು ಹಿಡಿದು ಇಬ್ಬರೂ ಬೀಡಿ ಸೇರಿದೆವು. ಅಲ್ಲಿಯ ಮನೆಗಳಲ್ಲಿ ಹಳೆಯ ಖಣದ ಕುಬಸಗಳು ಸಿಗುತ್ತವೆ ಎಂದು ಅವಳಿಗೆ ಯಾರೋ ಹೇಳಿದ್ದರು. ಒಬ್ಬ ಅಜ್ಜಿ ತನ್ನ ಗಂಟಿನಿಂದ ಒಂದು ಕುಬಸ ತೆಗೆದು ತೋರಿಸಿದಳು. ಹಸಿರು ಮೈ, ಕೆಂಪು ದಡಿ. ಬೆನ್ನ ಮೇಲೆ ಮಾತ್ರ ಜೀರ್ಣವಾಗಿತ್ತು. ತೋರಿಸಿದಳೇ ಹೊರತು ಕೊಡುವ ಮನಸ್ಸು ಅಜ್ಜಿಗಿರಲಿಲ್ಲ. ಮಾವಶಿ ಅದನ್ನು ಬೆಳಕಿಗೆ ಹಿಡಿದಳು, ತುಟಿಗೆ ತಾಗಿಸಿದಳು. ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು.

"ನಮ್ಮವ್ವಂದೂ ಹಿಂಥಾದ ಇತ್ತ್ ನೋಡ್ರಿ ಆಯಿ. ಹಿಂಥಾದ ದಡಿ," ಅಂದಳು.

ಆ ಅಜ್ಜಿ ಕರಗಿ ನೀರಾದಳು. ಕುಬಸದ ಜೊತೆ ಒಂದು ಸೇರು ಶೇಂಗಾ ಕೂಡ ಉಡಿಗೆ ಹಾಕಿ ಕಳಿಸಿದಳು. ಬಸ್ಸಿನಲ್ಲಿ ಬರುವಾಗ ನಾನೂ ಕಣ್ಣೊರೆಸಿಕೊಂಡೆ. "ನಿಮ್ಮವ್ವಂದ ಖರೇನ ಹಂಗ ಇತ್ತೇನ್ರಿ?" ಎಂದು ಕೇಳಿದೆ.

ಅವಳು ಶೇಂಗಾ ಸುಲಿಯುತ್ತಾ ನಕ್ಕಳು. "ಯಾರಿಗ್ಗೊತ್ತ ಅವ್ವಿ. ನನ್ನ ಹಡದ ವಾರದಾಗ ಆಕಿ ಸತ್ತಳು. ಮಾರಿನ ನೋಡಿಲ್ಲ, ಕುಬಸಾ ಎಲ್ಲಿಂದ ನೋಡ್ಲಿ?"

ನಾನೂ ನಕ್ಕೆ. ಎಂಥ ಚಾಲಾಕಿ ಮುದುಕಿ ಎಂದು ಹೆಮ್ಮೆಯಿಂದಲೇ ತಂಗಿಗೆ ಹೇಳಿ ಅವಳನ್ನೂ ನಗಿಸಿದೆ. ಬೇರೆಯವರಿಗೆ ಟೋಪಿ ಹಾಕುವಾಗ ಎಷ್ಟು ಚೆಂದ ಕಾಣುತ್ತದೆ ನೋಡಿ.

ನಮ್ಮವ್ವ ಹೋದದ್ದು ಅದಾದ ಮರುವರ್ಷ. ಅವಳ ಸೀರೆಗಳನ್ನು ಮಗಳು, ಸೊಸೆ, ನಾದಿನಿ ಎಂದು ಹಂಚುವಾಗ ಯಾರೂ ಜಗಳಾಡಲಿಲ್ಲ. ಒಂದು ಸೀರೆಯ ಹತ್ತಿರ ಮಾತ್ರ ನಾನೂ ತಂಗಿಯೂ ಇಬ್ಬರೂ ಕೈ ಚಾಚಿ ಕೂತೆವು. ಬದನೆಕಾಯಿ ಬಣ್ಣದ ಇಳಕಲ್, ಕೆಂಪು ಸೆರಗು. ನಮ್ಮಿಬ್ಬರನ್ನೂ ತೊಟ್ಟಿಲಿಗೆ ಹಾಕಿದ ದಿನ ಅವ್ವ ಉಟ್ಟದ್ದು ಅದೇ, ನಮ್ಮ ಮದುವೆಗಳಲ್ಲಿ ಉಟ್ಟದ್ದೂ ಅದೇ. ಉಟ್ಟು ಉಟ್ಟು ಮೈ ಅಲ್ಲಲ್ಲಿ ಜಾಳಾಗಿತ್ತು. ಸೆರಗಿನ ಅಂಚಿಗೆ ಊದಿನಕಡ್ಡಿಯ ಕಿಡಿ ಬಿದ್ದು ತೂತಾಗಿದ್ದಾಗ ಅವ್ವ ಕೈಗೆ ಸಿಕ್ಕ ಹಸಿರು ದಾರದಲ್ಲಿ ಅದನ್ನು ಗಂಟುಗಂಟಾಗಿ ತುಂಬಿದ್ದಳು. ಹೊಲಿಗೆ ಅವಳಿಗೆ ಬರುತ್ತಿರಲಿಲ್ಲ. ಒಂದು ಹಸಿರು ಹುಳ ಕೂತಂತೆ ಕಾಣುತ್ತಿತ್ತು. ಚಿಕ್ಕವರಿದ್ದಾಗ ಅವಳ ತೊಡೆಯ ಮೇಲೆ ಮಲಗಿ ನಾವು ಆ ಗಂಟನ್ನೇ ಉಗುರಿನಿಂದ ಕೆರೆಯುತ್ತಿದ್ದೆವು.

ಇಬ್ಬರಿಗೂ ಬೇಕು, ಹಾಗಾದರೆ ತುಂಡು ಕೂಡಿಸಿ ಹೊದೆಯುವ ಕೌದಿ ಮಾಡಿಸೋಣ, ಒಂದು ವರ್ಷ ನಿನ್ನ ಮನೆಯಲ್ಲಿ, ಒಂದು ವರ್ಷ ನನ್ನ ಮನೆಯಲ್ಲಿ ಎಂದು ಮಾತಾಯಿತು. ಯಾರ ಕೈಗೆ ಕೊಡುವುದು ಎಂಬ ಪ್ರಶ್ನೆಯೇ ಬರಲಿಲ್ಲ.

ಮಾವಶಿ ಸೀರೆಯನ್ನು ಬೆಳಕಿಗೆ ಹಿಡಿದಳು, ತುಟಿಗೆ ಹಿಡಿದಳು. ಮಡಿಸಿ ತೊಡೆಯ ಮೇಲಿಟ್ಟುಕೊಂಡು ಸವರುತ್ತಾ ಕೂತಳು. ನಾನು ಜೊತೆಗೆ ಕೂತು ಹೊಲಿಯುತ್ತೇನೆ, ಕನಿಷ್ಠ ಒಂದು ಸಾಲು ನನ್ನದಿರಲಿ ಅಂದೆ. ಅವಳು ತಲೆಯಾಡಿಸಿದಳು.

"ತಾಯಿ ಸೀರಿ ಹರಿಯೂದು ಮಗಳು ನೋಡಬಾರದವಾ. ಹಿಂದಿನವರ ಪದ್ಧತಿ ಐತಿ. ಹರದ ಸಪ್ಪಳಾ ಕಿವೀಗೆ ಬಿದ್ರ ಹೋದ ಜೀವಾ ತಿರಗಿ ನೋಡತೈತಂತ. ನೀ ಖಾನಾಪುರಕ್ಕ ತಂಗಿ ಕಡೆ ಹೋಗಿ ಬಾ. ಬರೂದರಾಗ ಮುಗಸ್ತೇನಿ."

ನಾನು ಹೋದೆ. ಪದ್ಧತಿ ಎಂದ ಕೂಡಲೇ ತಲೆ ಬಾಗಿಸುವ ಜಾತಿ ನಮ್ಮದು. ತಂಗಿ ಹೋಳಿಗೆ ಮಾಡಿ ಅದರ ಒಂದು ಚೂರು ಕಟ್ಟಿಕೊಟ್ಟಳು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ತಿನ್ನುವ ಚೂರೊಂದು ಇಡಬೇಕು, ಹಸಿದ ಕೌದಿ ಹೊದೆಯಬಾರದು ಅನ್ನುತ್ತಾರೆ. ನಾನು ತಿರುಗಿ ಬಂದಾಗ ಆ ಒಂದು ಮೂಲೆಯನ್ನು ಬಿಟ್ಟು ಉಳಿದದ್ದೆಲ್ಲ ಹೊಲಿದಿತ್ತು. ಬದನೆ ಬಣ್ಣದ ಸಣ್ಣ ಸಣ್ಣ ಚೌಕಗಳು, ಅಲ್ಲಲ್ಲಿ ಕೆಂಪು. ಮಾವಶಿ ಹೋಳಿಗೆಯ ಚೂರನ್ನು ನನ್ನ ಕೈಯಿಂದಲೇ ಒಳಗೆ ಇಡಿಸಿದಳು, ಮೂಲೆ ಮುಚ್ಚಿದಳು, ಕೌದಿಯನ್ನು ನನ್ನ ಹೆಗಲಿಗೆ ಹೊದಿಸಿದಳು. "ತಗೋ, ನಿಮ್ಮವ್ವ," ಅಂದಳು.

ನಾನು ಅವಳ ಕಾಲಿಗೆ ಬಿದ್ದೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಹಸಿರು ಗಂಟಿನ ಚೂರು ಯಾವ ಮೂಲೆಯಲ್ಲಿದೆ ಎಂದು ಕೇಳಿದ್ದೆ. "ಒಳಪದರಿನ್ಯಾಗ ಇಟ್ಟೇನಿ. ಮ್ಯಾಲಿದ್ರ ಕಿತ್ತ ಹೊಕ್ಕೈತಿ" ಎಂದಳು. ಸರಿಯೇ ಅನ್ನಿಸಿತು. ಆ ಕೌದಿಯನ್ನು ನಾನು ಗಲ್ಲಿಯ ಮನೆಮನೆಗೆ ಒಯ್ದು ತೋರಿಸಿದೆ. ಜ್ವರ ಬಂದಾಗ ಹೊದ್ದುಕೊಂಡೆ. ಆಫೀಸಿನಲ್ಲಿ ಅವಮಾನವಾದ ದಿನ ಅದರೊಳಗೆ ಮುಖ ಹುದುಗಿಸಿ ಅವ್ವಾ ಎಂದು ಅತ್ತೆ. ಅವ್ವನ ವಾಸನೆ ಬರುತ್ತದೆ ಎಂದು ಗಂಡನಿಗೂ ಮೂಸಿಸಿದೆ. ಪಾಪ, ಹೌದೌದು ಅಂದರು. ತಂಗಿಯ ಸರದಿ ಬಂದಾಗ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಖಾನಾಪುರಕ್ಕೆ ಒಯ್ಯುತ್ತಿದ್ದೆ, ಸೀಟಿನ ಕೆಳಗೆ ಇಡಲು ಮನಸ್ಸು ಬರುತ್ತಿರಲಿಲ್ಲ.

ಇಷ್ಟು ವರ್ಷ ಹೀಗೇ ನಡೆಯಿತು. ಮೊನ್ನೆ ಶ್ರಾವಣದ ಒಂದು ಬೆಳಿಗ್ಗೆ ಮಾವಶಿಯ ಸೊಸೆ ನಮ್ಮ ಬಾಗಿಲಿಗೆ ಬಂದು ನಿಂತಳು. ಮುಖ ನೋಡಿಯೇ ತಿಳಿಯಿತು.

"ಅಕ್ಕಾರ, ಅತ್ತಿ ಹೋದ್ರು. ಸೀರಿ ಉಡಸಾಕ ನೀವ ಬರಬೇಕ್ರಿ. ಆಕಿ ಕೈಲೇನ ಉಡಸ್ರಿ ಅಂತ ಹೇಳಿ ಹೋಗ್ಯಾರ."

ಅಳುತ್ತಲೇ ಹೋದೆ. ಹೆಂಗಸರು ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಕನ್ನಡಕ ಇಲ್ಲದ ಮುಖ ಬೇರೆ ಯಾರದೋ ಅನ್ನಿಸುತ್ತಿತ್ತು. ಸೊಸೆ ಒಳಗಿನಿಂದ ಬಿಳಿ ಪಂಚೆಯಲ್ಲಿ ಸುತ್ತಿದ ಗಂಟು ತಂದು ನನ್ನ ಕೈಗಿಟ್ಟಳು. ಬಿಚ್ಚಿದೆ. ಒಣಗಿದ ಬೇವಿನೆಲೆ ಉದುರಿದವು. ಅದರ ಕೆಳಗೆ ಬದನೆ ಬಣ್ಣ.

ಅಂಥ ಬಣ್ಣದ ಸೀರೆ ಲೋಕದಲ್ಲಿ ಒಂದೇ ಇರುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕೈ ಆಗಲೇ ಸೆರಗು ಹುಡುಕುತ್ತಿತ್ತು.

"ಇದು ಎಲ್ಲೀ ಸೀರಿ?" ಅಂದೆ.

"ಅತ್ತಿಯವರ ಅವ್ವಂದಂತ್ರಿ. ನಮಗ ಯಾರಿಗೂ ಮುಟ್ಟಗೊಟ್ಟಿಲ್ಲ. ಮಧ್ಯಾನ್ದಾಗ ಬಾಗಲಾ ಹಾಕ್ಕೊಂಡು ಇದನ್ನ ರಫೂ ಮಾಡ್ಕೋತ ಕುಂದರತಿದ್ರು. ಸಾಯೂಮುಂದ ಇದನ್ನ ಉಡಸ್ರಿ ಅಂದ್ರು."

ಅವ್ವನ ಮುಖವನ್ನೇ ನೋಡದವಳಿಗೆ ಅವ್ವನ ಸೀರೆ! ಬಸ್ಸಿನಲ್ಲಿ ಶೇಂಗಾ ಸುಲಿಯುತ್ತಾ ನಕ್ಕ ನಗೆ ಕಿವಿಯಲ್ಲಿ ಕೇಳಿಸಿತು. ಸೆರಗಿನ ಅಂಚು ಸಿಕ್ಕಿತು. ಹಸಿರು ಗಂಟು ಇರಲಿಲ್ಲ. ಇರಬೇಕಾದ ಜಾಗದಲ್ಲಿ ಕೆಂಪು ಬರೀ ಕೆಂಪಾಗಿಯೇ ಇತ್ತು. ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ಅರಿವೆ ತಿರುಗಿಸಿ, ಒಳಮೈಯನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿದೆ. ಒಂದು ಕಾಳಿನಷ್ಟು ಜಾಗದಲ್ಲಿ ಎಳೆಗಳು ಸ್ವಲ್ಪ ದಪ್ಪ. ರಫೂ. ಎಳೆಗೆ ಎಳೆ ಕೂಡಿಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ, ನೋಡುವವರ ಕಣ್ಣಿಗೆ ಬೀಳದ ಹಾಗೆ ಮಾಡಿದ ರಫೂ. ಹೀಗೆ ಮಾಡುವ ಕೈ ನಾನು ಕಂಡಂತೆ ಒಂದೇ ಇತ್ತು. ಅದು ಈಗ ನನ್ನ ಎದುರಿಗೆ ಅವಳ ಮಡಿಲಲ್ಲಿ ತಣ್ಣಗೆ ಬಿದ್ದಿತ್ತು. ನಮ್ಮವ್ವನ ಗಂಟನ್ನು ಅದು ಬಿಚ್ಚಿ ಎಸೆದಿತ್ತು. ಮೈಯೆಲ್ಲ ಸವರಿದೆ. ಜಾಳಾದ ಕಡೆಯೆಲ್ಲ ಅದೇ ಕೆಲಸ. ಅವಳ ಜೀವಮಾನದಲ್ಲೇ ಅಂಥ ಕೆಲಸ ಅವಳು ಮಾಡಿರಲಿಕ್ಕಿಲ್ಲ.

"ಇದು ನಮ್ಮವ್ವನ ಸೀರಿ," ಅಂದೆ. ದನಿ ಜೋರಾಗಿಯೇ ಬಂತು.

ಭಜನೆ ಹೇಳುತ್ತಿದ್ದವರು ನಿಲ್ಲಿಸಿದರು. ಗಲ್ಲಿಯ ಹಿರಿಯಳು, ಎಲ್ಲರ ಬಾಣಂತನ ಮಾಡಿದ ಮುದುಕಿ, ನನ್ನ ಮೊಣಕೈ ಹಿಡಿದಳು.

"ಏನ್ ಮಾತಾಡ್ತಿ ಅವ್ವಿ? ನಿಮ್ಮವ್ವನ ಸೀರಿ ಕೌದಿ ಆಗಿಲ್ಲೇನು? ನೀನ ಮನಿಮನಿಗೆ ತಂದು ತೋರಿಸಿದ್ದಿ. ನಾ ಹೊದ್ದು ನೋಡೇನಲ್ಲ."

"ಆ ಕೌದಿ ಬ್ಯಾರೇ ಸೀರೀದು. ನನಗ ಹರಿಯೂದು ನೋಡಗೊಟ್ಟಿಲ್ಲ ಆಕಿ. ತಾಯಿ ಸೀರಿ ಹರಿಯೂಮುಂದ ಮಗಳು ನೋಡಬಾರದು ಅಂತ ಪದ್ಧತಿ ಐತಿ ಅಂದ್ಲು."

ಮುದುಕಿ ಉಳಿದವರ ಮುಖ ನೋಡಿದಳು. "ಅಂಥಾ ಪದ್ಧತಿ ನಾ ಎಲ್ಲೂ ಕೇಳಿಲ್ಲವಾ," ಅಂದಳು. ಆದರೆ ಹೇಳಿದ್ದು ನನ್ನನ್ನು ನಂಬಿ ಅಲ್ಲ, ನನ್ನ ತಲೆ ಕೆಟ್ಟಿದೆ ಎಂದು. ಸೊಸೆಯ ಕಣ್ಣಲ್ಲಿ ಅಳುವಿನ ಜೊತೆ ಬೇರೆ ಏನೋ ಬಂತು. ಹೆಣದ ಮೇಲಿನ ಸೀರೆಗೆ ಕೈ ಹಾಕುವ ಹೆಂಗಸನ್ನು ನೋಡುವ ನೋಟ ಅದು. ನಾನು ಸೆರಗು ತಿರುಗಿಸಿ ತೋರಿಸಿದೆ, ಇಲ್ಲಿ ನೋಡ್ರಿ, ಇಲ್ಲಿ ರಫೂ ಐತಿ ಅಂದೆ. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಯಾರಿಗೂ ಏನೂ ಕಾಣಲಿಲ್ಲ. ಕಾಣದ ಹಾಗೆ ಮಾಡುವುದೇ ಅವಳ ವಿದ್ಯೆಯಾಗಿತ್ತು. ಅದನ್ನು ಬೆರಳಿನಿಂದ ಹಿಡಿಯುವುದನ್ನು ಅವಳು ಕಲಿಸಿದ್ದು ನನಗೊಬ್ಬಳಿಗೆ. ಆಕೆಯ ಕೈಯಿಂದಲೇ ಉಡಿಸಿ ಎಂದು ಹೇಳಿ ಹೋದದ್ದು ಇದಕ್ಕೇ ಇರಬೇಕು. ತಪ್ಪೊಪ್ಪಿಗೆ ಎಂದು ತಿಳಿಯಬೇಕೇ? ಸತ್ತ ಮೇಲೆ ಧೈರ್ಯ ಯಾರಿಗಾದರೂ ಬರುತ್ತದೆ. ನನ್ನ ಎದುರಿಗೆ ಕೂತು, ರವಿವಾರದ ಯಾವುದಾದರೂ ಒಂದು ಮಧ್ಯಾಹ್ನ, "ಕೊಡಾಕ ಮನಸಾಗಲಿಲ್ಲ ಅವ್ವಿ" ಎಂದಿದ್ದರೆ ನಾನು ಏನು ಮಾಡುತ್ತಿದ್ದೆನೋ. ಬೈಯುತ್ತಿದ್ದೆ. ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದೆ. ಆದರೂ ಅವ್ವನ ಸೀರೆ ಮನೆಗೆ ಬರುತ್ತಿತ್ತು.

ಅವ್ವನಿಲ್ಲದೆ ಬೆಳೆದವಳು, ಪಾಪ, ಆಸೆಯಾಯಿತು ಎಂದು ಗಂಡ ಆಮೇಲೆ ಹೇಳಿದರು. ಇರಬಹುದು. ಆದರೆ ಅವ್ವನಿಲ್ಲದವರೆಲ್ಲ ಕಂಡವರ ಅವ್ವನನ್ನು ಟ್ರಂಕಿನಲ್ಲಿ ಮುಚ್ಚಿಡುವುದಿಲ್ಲ. ಅವಳು ನನಗೆ ಯಾರದೋ ಹರಕು ಸೀರೆಯ ಚೂರುಗಳನ್ನು ಹೊದಿಸಿ 'ತಗೋ, ನಿಮ್ಮವ್ವ' ಎಂದಳು. ಅದನ್ನು ನಾನು ಕ್ಷಮಿಸಲಾರೆ.

ಹೊರಗಿನಿಂದ ಮಾವಶಿಯ ಮಗ ಕೂಗಿದ. "ಸ್ವಾಮಿಗೋಳು ಬಂದಾರ. ಲಗೂ ಮಾಡ್ರಿ."

ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಸೊಸೆ ಗಂಟು ತಿರುಗಿ ಇಸಿದುಕೊಳ್ಳಲು ಕೈ ಚಾಚಿದಳು. ಬಿಟ್ಟುಕೊಟ್ಟು ಎದ್ದು ಬರಬಹುದಿತ್ತು. ಆದರೆ ಅವ್ವನ ಸೀರೆಯನ್ನು ಇನ್ನೊಂದು ಗಳಿಗೆ ಮುಟ್ಟಬೇಕೆಂದರೆ ನನಗೆ ಉಳಿದದ್ದು ಅದೊಂದೇ ದಾರಿ. ಉಡಿಸಿದೆ. ಕೂತ ಹೆಣಕ್ಕೆ ಸೀರೆ ಉಡಿಸುವುದು ಸುಲಭವಲ್ಲ. ಇಬ್ಬರು ಹೆಂಗಸರು ಹಿಂದಿನಿಂದ ಹಿಡಿದಿದ್ದರು, ನಾನು ನೆರಿಗೆ ಹಿಡಿದೆ. ಸೆರಗು ತಲೆಯ ಮೇಲೆ ಹೊದಿಸುವಾಗ ಅದರಲ್ಲಿ ಮುಖ ಇಟ್ಟೆ. ಬೇವಿನ ವಾಸನೆ ಮಾತ್ರ ಬಂತು. ನೋಡುತ್ತಿದ್ದವರು ನಾನು ಮಾವಶಿಯನ್ನು ಅಪ್ಪಿಕೊಂಡು ಅಳುತ್ತಿದ್ದೇನೆ ಎಂದುಕೊಂಡು ತಾವೂ ಅತ್ತರು. ಮುದುಕಿ ನನ್ನ ಬೆನ್ನು ಸವರಿ, "ಆತವಾ, ದುಃಖದಾಗ ಏನರೆ ಬಾಯಿಗೆ ಬರತೈತಿ," ಅಂದಳು.

ಮಣ್ಣಿಗೆ ನಾನು ಹೋಗಲಿಲ್ಲ. ಓಣಿಯ ತಿರುವಿನವರೆಗೆ ಹೋಗಿ, ಹೆಗಲುಗಳ ಮೇಲೆ ಆ ಬದನೆ ಬಣ್ಣ ಅಲುಗಾಡುತ್ತಾ ದೂರವಾಗುವುದನ್ನು ನೋಡಿ ತಿರುಗಿ ಬಂದೆ. ನಮ್ಮವ್ವ ಎರಡನೇ ಸಲ ಹೋದಳು. ಮೊದಲನೇ ಸಲ ಅಳಲು ತಂಗಿ ಜೊತೆಗಿದ್ದಳು.

ಸಂಜೆ ಖಾನಾಪುರದಿಂದ ತಂಗಿಯ ಫೋನು. ಕೌದಿ ಈ ವರ್ಷ ಅವಳ ಮನೆಯಲ್ಲಿದೆ. ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮಾವಶಿಯ ಸುದ್ದಿ ತಂಗಿಗೆ ಆಗಲೇ ಮುಟ್ಟಿತ್ತು, ಅತ್ತಿದ್ದಳು ಕೂಡ. ಎಲ್ಲ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು, "ಅಕ್ಕಾ, ಕೂಸು ಎಷ್ಟ ರಂಪಾ ಮಾಡಿದ್ರೂ ಅವ್ವನ ಕೌದಿ ಮ್ಯಾಲ ಹಾಕಿದ್ರ ಗಪ್ಪ ಆಗತೈತಿ ನೋಡು. ಗುರುತಾ ಸಿಗತೈತಿ ಕಾಣತೈತಿ ಅದಕ್ಕ."

ಆ ಕೌದಿಯನ್ನು ಅವಳ ಕೈಯಿಂದ ಕಿತ್ತುಕೊಂಡರೆ ಅವಳಿಗೆ ಏನಾಗುತ್ತದೆ ಎಂದು ಈ ಲೋಕದಲ್ಲಿ ನನ್ನಷ್ಟು ಗೊತ್ತಿದ್ದವರು ಯಾರಿದ್ದಾರೆ.

"ಮಾವಶಿಗೆ ಚಲೋ ಸೀರಿ ಉಡಿಸಿದ್ರಿಲ್ಲೋ?" ಎಂದು ಕೇಳಿದಳು.

"ಹೂಂ," ಅಂದೆ. "ಇಳಕಲ್ಲು. ಆಕಿ ಅವ್ವಂದಂತ."